ಹೊಸ ಹುಂಜ, ಹಳೇ ಹೇಂಟೆಗಳು

ಸಂತೆಯಲ್ಲಿ ಕೊಂಡು, ಕಾಲು ಕಟ್ಟಿ ತಂದ ಹುಂಜವನ್ನು ಹಿತ್ತಲಿಗೆ ಬಿಟ್ಟಾಗ ಮೊದಲ ಐದು ನಿಮಿಷ ಏನಾಗುತ್ತದೆಂದು ಕೋಳಿ ಸಾಕಿದವರೆಲ್ಲ ಬಲ್ಲರು. ತಿಪ್ಪೆ ಕೆದಕುತ್ತಿದ್ದ ಹೇಂಟೆಗಳು ತಟ್ಟನೆ ನಿಲ್ಲುತ್ತವೆ. ಕತ್ತು ಉದ್ದವಾಗುತ್ತದೆ. ತಲೆಯನ್ನು ಓರೆಮಾಡಿ ಒಂದು ಕಣ್ಣಲ್ಲಿ ನೋಡುತ್ತವೆ, ಮತ್ತೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡುತ್ತವೆ. ಆಮೇಲೆ ಯಾವುದೋ ಒಂದು, ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯ ಹೇಂಟೆ, ಕತ್ತಿನ ಗರಿ ಕೆದರಿಕೊಂಡು ಎದುರಿಗೆ ಬರುತ್ತದೆ. ಅಲ್ಲಿಂದ ಮುಂದೆ ಸಂಗತಿ ಎರಡು ದಾರಿ ಹಿಡಿಯಬಹುದು. ಹುಂಜ ಬಲಿತದ್ದಾದರೆ ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಆ ಹೇಂಟೆಯ ಸುತ್ತ ಅರ್ಧ ಸುತ್ತು ಬರುತ್ತದೆ; ಸಂಜೆಯೊಳಗೆ ಗಲಾಟೆ ತಣ್ಣಗಾಗುತ್ತದೆ. ಎಳೆಯದಾದರೆ ಓಡುತ್ತದೆ. ಓಡಿದ್ದನ್ನು ಕಂಡ ಉಳಿದ ಹೇಂಟೆಗಳೂ ಬೆನ್ನಟ್ಟುತ್ತವೆ, ಮತ್ತು ಮನೆಯವರು ಬಂದು ಬಿಡಿಸುವ ಹೊತ್ತಿಗೆ ಅದರ ಜುಟ್ಟಿನಿಂದ ರಕ್ತ ಸೋರುತ್ತಿರುತ್ತದೆ.

ಹುಂಜವೆಂದರೆ ಹಿಂಡಿನ ಯಜಮಾನ, ಅದು ಬಂದು ಅಧಿಕಾರ ಹಿಡಿಯುತ್ತದೆ, ಹೇಂಟೆಗಳು ಸುಮ್ಮನೆ ಒಪ್ಪಿಕೊಳ್ಳುತ್ತವೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕಳೆದ ನೂರು ವರ್ಷಗಳಲ್ಲಿ ಕೋಳಿಗಳ ಮೇಲೆ ನಡೆದ ಅಧ್ಯಯನಗಳನ್ನು ಓದುತ್ತ ಹೋದರೆ ಈ ನಂಬಿಕೆ ಒಂದೊಂದೇ ಕಡೆಯಿಂದ ಸಡಿಲವಾಗುತ್ತದೆ. ಹೊಸ ಹುಂಜ ಹಿಂಡಿಗೆ ಸೇರುವುದೆಂದರೆ ಹೇಂಟೆಗಳು ಅದನ್ನು ನೋಡಿ, ಅಳೆದು, ಒಪ್ಪುವ ಅಥವಾ ಒಪ್ಪದಿರುವ ಒಂದು ದೀರ್ಘ ಕ್ರಿಯೆ. ಅದರಲ್ಲಿ ಕೆಲವು ತೀರ್ಮಾನಗಳು ನಮ್ಮ ಕಣ್ಣೆದುರಿಗೇ ಆಗುತ್ತವೆ. ಇನ್ನು ಕೆಲವು ಹೇಂಟೆಯ ಹೊಟ್ಟೆಯೊಳಗೆ ಆಗುತ್ತವೆ.

ಮೊದಲು ಕಾಡಿನ ವಿಷಯ. ನಮ್ಮ ಮನೆಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಅದರ ವಾಸ. ಪಶ್ಚಿಮ ಘಟ್ಟದಲ್ಲಿ ನಮಗೆ ಕಾಣಸಿಗುವುದು ಅದರ ದಾಯಾದಿ, ಬೂದು ಕಾಡುಕೋಳಿ. ಅದೂ ಈ ವಂಶಾವಳಿಗೆ ತನ್ನ ಪಾಲು ಕೊಟ್ಟಿದೆ: ಅನೇಕ ಮನೆಕೋಳಿಗಳ ಕಾಲು, ಚರ್ಮ ಹಳದಿಯಾಗಿರಲು ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು. ಕಾಡಿನಲ್ಲಿ ಕೆಂಪು ಕಾಡುಕೋಳಿಯ ಹಿಂಡು ಚಿಕ್ಕದು. ಒಂದು ಬಲಿತ ಹುಂಜ, ಅದರ ಸುತ್ತ ಕೆಲವು ಹೇಂಟೆಗಳು, ಅಂಚಿನಲ್ಲಿ ಸುಳಿದಾಡುವ ಒಂದೆರಡು ಎಳೆಯ ಹುಂಜಗಳು. ಹಿಂಡಿನ ಹುಂಜ ಸತ್ತರೆ ಅಥವಾ ಸೋತರೆ ಅಂಚಿನಲ್ಲಿದ್ದುದು ಒಳಗೆ ಬರುತ್ತದೆ. ಆದರೆ ಅದು ಹೇಂಟೆಗಳಿಗೆ ಅಪರಿಚಿತವಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ದೂರದಿಂದ ಕಂಡ ಹಕ್ಕಿ, ಕೂಗು ಕೇಳಿಸಿಕೊಂಡ ಹಕ್ಕಿ. ಹಿತ್ತಲಿನಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಎಲ್ಲಿಯದೋ ಹುಂಜವನ್ನು ಒಂದೇ ಗಳಿಗೆಯಲ್ಲಿ ಹಿಂಡಿನ ನಡುವೆ ಇಳಿಸಿಬಿಡುತ್ತೇವೆ. ಕಾಡು ಕೊಡುವ ಆ ವಾರಗಳನ್ನು ನಾವು ಮರಳಿ ಕೊಡಬೇಕು, ಉಳಿದೆಲ್ಲ ಉಪಾಯಗಳೂ ಇದರಿಂದಲೇ ಹುಟ್ಟುತ್ತವೆ.

ನಾರ್ವೆಯ ಥಾರ್ಲೈಫ್ ಷೆಲ್ಡರುಪ್-ಎಬ್ಬೆ ಇನ್ನೂ ಹುಡುಗನಾಗಿದ್ದಾಗಲೇ ಮನೆಯ ಕೋಳಿಗಳ ಎದುರು ಕುಳಿತು, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡಲು ತೊಡಗಿದ್ದ. ಆ ಟಿಪ್ಪಣಿಗಳು ಬೆಳೆದು 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಬಂಧವಾಗಿ ಪ್ರಕಟವಾದವು. ಹಿಂಡಿನಲ್ಲಿ ಪ್ರತಿ ಎರಡು ಕೋಳಿಗಳ ನಡುವೆ ಒಂದು ಇತ್ಯರ್ಥ ಆಗಿರುತ್ತದೆ, ಒಂದು ಕುಕ್ಕುತ್ತದೆ, ಇನ್ನೊಂದು ಜಾಗ ಬಿಡುತ್ತದೆ, ಮತ್ತು ಒಮ್ಮೆ ಇತ್ಯರ್ಥವಾದ ಮೇಲೆ ಅದು ಬಹುಕಾಲ ಬಾಳುತ್ತದೆ ಎಂದು ಆತ ತೋರಿಸಿದ. ಇತ್ಯರ್ಥಗಳು ಯಾವಾಗಲೂ ನೆಟ್ಟಗಿನ ಏಣಿಯಾಗುವುದಿಲ್ಲ ಎಂಬುದನ್ನೂ ಆತನೇ ಕಂಡ: ಮೊದಲನೆಯದು ಎರಡನೆಯದನ್ನು ಕುಕ್ಕುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಮೊದಲನೆಯದನ್ನು! ಇಂದು ಮನುಷ್ಯರ ಕಚೇರಿ, ಸಂಘ, ಪಕ್ಷಗಳ ಬಗ್ಗೆ ಮಾತಾಡುವವರೂ ಈ ಕುಕ್ಕುವ ಶ್ರೇಣಿಯ ಹೆಸರೆತ್ತುತ್ತಾರೆ. ಅದರ ಮೂಲ ಒಬ್ಬ ಹುಡುಗನ ತಾಳ್ಮೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಹೊಸ ಹೇಂಟೆಯೊಂದು ಹಿಂಡಿಗೆ ಬಂದರೆ ಅದು ಪ್ರತಿಯೊಂದು ಹೇಂಟೆಯ ಜೊತೆಗೂ ಬೇರೆ ಬೇರೆಯಾಗಿ ಇತ್ಯರ್ಥ ಮಾಡಿಕೊಳ್ಳಬೇಕು. ಹಾಗಾಗಿ ಜಗಳ ದಿನಗಟ್ಟಲೆ ನಡೆಯುತ್ತದೆ. ಹುಂಜದ ವಿಷಯ ಹಾಗಲ್ಲ. ಹುಂಜಗಳಿಗೆ ಒಂದು ಶ್ರೇಣಿ, ಹೇಂಟೆಗಳಿಗೆ ಇನ್ನೊಂದು ಶ್ರೇಣಿ. ಬಲಿತ ಹುಂಜ ಸಾಮಾನ್ಯವಾಗಿ ಎಲ್ಲ ಹೇಂಟೆಗಳಿಗಿಂತ ಮೇಲಿರುತ್ತದೆ, ಆದರೆ ಹೇಂಟೆಗಳನ್ನು ಕುಕ್ಕುವುದು ಕಡಿಮೆ. ಮೇವಿನ ತಟ್ಟೆಯಲ್ಲಿ ಹೇಂಟೆಗಳ ಪಾಲಿಗೆ ಅದು ಪೈಪೋಟಿಗಾರನೂ ಅಲ್ಲ, ಒಳ್ಳೆಯ ಹುಂಜ ತಾನು ತಿನ್ನದೆ ಅವುಗಳನ್ನೇ ಕರೆಯುತ್ತದೆ. ಆದ್ದರಿಂದಲೇ ಬಲಿತ ಹುಂಜವನ್ನು ಹಿಂಡು ಇಷ್ಟು ಬೇಗ ಸೇರಿಸಿಕೊಳ್ಳುವುದು. ನಾಲ್ಕೈದು ತಿಂಗಳ ಎಳೆಯ ಹುಂಜದ ಪಾಡು ಬೇರೆ. ಅದರ ಕೂಗು ಇನ್ನೂ ಒಡೆದಿರುವುದಿಲ್ಲ, ಕಾಲಮುಳ್ಳು ಮೊಳೆತಿರುವುದಿಲ್ಲ. ಹೇಂಟೆಗಳ ಕಣ್ಣಿಗೆ ಅದು ಹುಂಜವೇ ಅಲ್ಲ, ಬರೀ ಹೊಸ ಕೋಳಿ. ಹಾಗಾಗಿ ಹೊಸ ಕೋಳಿಗೆ ಸಲ್ಲುವ ಏಟೆಲ್ಲ ಅದಕ್ಕೂ ಸಲ್ಲುತ್ತದೆ. ಏಟು ತಿನ್ನುತ್ತಲೇ ಬೆಳೆದು, ಒಂದು ದಿನ ತಿರುಗಿ ನಿಂತು, ಒಂದೊಂದೇ ಹೇಂಟೆಯನ್ನು ದಾಟಿ ಮೇಲೇರುತ್ತದೆ. ಹಿತ್ತಲಿಗೆ ಹೊಸ ಹುಂಜ ಬೇಕಾದವರು ಒಂದು ವರ್ಷ ತುಂಬಿದ್ದನ್ನು ಆರಿಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಎಳೆಯದು ಅಗ್ಗಕ್ಕೆ ಸಿಗುತ್ತದೆ ನಿಜ.

ಆದರೆ ಯಾವ ವಯಸ್ಸಿನದೇ ಆಗಲಿ, ತಂದ ದಿನವೇ ಬಿಡಬಾರದು. ಇಲ್ಲಿ ಹಿಂಡಿನ ಸ್ವಭಾವಕ್ಕಿಂತ ಮೊದಲು ರೋಗದ ಮಾತು ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವುದನ್ನು ಇಂಗ್ಲೆಂಡಿನವರು ನ್ಯೂಕ್ಯಾಸಲ್ ರೋಗ ಎಂದರು, ಭಾರತದ ಪಶುವೈದ್ಯರು ರಾಣಿಖೇತ್ ರೋಗ ಎಂದರು. 1920ರ ದಶಕದ ಕೊನೆಯಲ್ಲಿ, ಇಂದಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಅದು ಕಾಣಿಸಿಕೊಂಡಿತ್ತು. ಹಸಿರು ಭೇದಿ, ಬಾಯಿ ತೆರೆದು ಎಳೆಯುವ ಉಸಿರು, ತಿರುಚಿಕೊಂಡ ಕತ್ತು. ಬಂದರೆ ಹಿಂಡಿಗೆ ಹಿಂಡೇ ಖಾಲಿ. ವೈರಾಣು ಮೈಸೇರಿ ಲಕ್ಷಣ ಕಾಣಿಸಿಕೊಳ್ಳಲು ಎರಡು ದಿನದಿಂದ ಎರಡು ವಾರದವರೆಗೂ ಹಿಡಿಯಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ಲಸಿಕೆ ಹಾಕಿಸಿಕೊಂಡ ಹುಂಜ ತಾನು ಕಾಯಿಲೆ ಬೀಳದೆ ಓಡಾಡಿಕೊಂಡಿದ್ದು, ಹಿಕ್ಕೆಯಲ್ಲಿ, ಉಸಿರಿನಲ್ಲಿ ವೈರಾಣುವನ್ನು ಹೊರಹಾಕುತ್ತಿರಬಹುದು. ಆದ್ದರಿಂದ ಹೊಸ ಹುಂಜಕ್ಕೆ ಲಸಿಕೆ ಆಗಿದೆಯೇ ಎಂದು ಕೇಳಿದರೆ ಸಾಲದು, ಮನೆಯಲ್ಲಿರುವ ಹೇಂಟೆಗಳಿಗೆ ಆಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಪಶು ಆಸ್ಪತ್ರೆಯಲ್ಲಿ ಈ ಲಸಿಕೆ ಸಿಗುತ್ತದೆ. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದು ಇನ್ನೊಂದು ಬಗೆ. ಮೈಯಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಪ್ರಯಾಣ, ಜಾಗ ಬದಲು, ಹೆದರಿಕೆಗಳಿಂದ ಹುಂಜ ಬಸವಳಿದಾಗ ಸೀನು, ಗೊರಗೊರ ಶಬ್ದವಾಗಿ ಹೊರಬರುತ್ತದೆ.

ಮೂರರಿಂದ ನಾಲ್ಕು ವಾರ ಹುಂಜ ಪ್ರತ್ಯೇಕವಾಗಿರಬೇಕು ಎಂಬುದು ಇದೆಲ್ಲದರಿಂದ ಬಂದ ಲೆಕ್ಕ. ಪ್ರತ್ಯೇಕವೆಂದರೆ ಅದೇ ಗೂಡಿನ ಇನ್ನೊಂದು ಮೂಲೆಯಲ್ಲ. ಮನೆಯ ಮತ್ತೊಂದು ಪಕ್ಕ, ಗಾಳಿ ಹೇಂಟೆಗಳ ಕಡೆಗೆ ಬೀಸದ ಜಾಗ, ಬೇರೆ ನೀರಿನ ಬಟ್ಟಲು. ಮೊದಲು ಹೇಂಟೆಗಳಿಗೆ ಮೇವು ಹಾಕಿ, ಕೊನೆಗೆ ಹುಂಜಕ್ಕೆ ಹಾಕಿ, ಕೈಕಾಲು ತೊಳೆಯುವುದು. ಅಮ್ಮಂದಿರು, ಅಜ್ಜಿಯರು ಹೊಸ ಕೋಳಿಯನ್ನು ಕೆಲವು ದಿನ ಮಂಕರಿ ಕವುಚಿ ಇಡುವುದು, ಕಾಲಿಗೆ ದಾರ ಕಟ್ಟಿ ಮರದ ಬುಡಕ್ಕೆ ಬಿಗಿಯುವುದು ಇದೆಯಲ್ಲ, ಅದು ಕೋಳಿಗೆ ಮನೆ ಅಭ್ಯಾಸವಾಗಲಿ ಎಂದು. ಆ ಕೆಲಸಕ್ಕೆ ಅದು ಒಳ್ಳೆಯ ಉಪಾಯವೇ. ರೋಗ ತಡೆಯಲು ಮಾತ್ರ ಸಾಲದು, ಯಾಕೆಂದರೆ ಉಳಿದ ಕೋಳಿಗಳೆಲ್ಲ ಆ ಮಂಕರಿಯ ಸುತ್ತಲೇ ಕಾಳು ಹೆಕ್ಕುತ್ತಿರುತ್ತವೆ.

ಈ ವಾರಗಳಲ್ಲಿ ಹುಂಜವನ್ನು ಕೈಯಲ್ಲಿ ಹಿಡಿದು ನೋಡಬೇಕು. ರೆಕ್ಕೆಯ ಅಡಿ, ಗುದದ ಸುತ್ತಲಿನ ಗರಿಯ ಬುಡದಲ್ಲಿ ಬೆಳ್ಳಗೆ ಮೆತ್ತಿಕೊಂಡದ್ದು ಹೇನಿನ ಮೊಟ್ಟೆ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದರಡಿಯಲ್ಲಿ ಕಣ್ಣಿಗೆ ಕಾಣದ ನುಸಿಗಳು ಬಿಲ ಮಾಡಿವೆ ಎಂದು ಅರ್ಥ. ಅಂಥ ಕಾಲಿಗೆ ಎಣ್ಣೆ ಹಚ್ಚುತ್ತ ಹೋದರೆ ನುಸಿ ಉಸಿರು ಕಟ್ಟಿ ಸಾಯುತ್ತದೆ. ಜುಟ್ಟು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ, ಹೊಟ್ಟೆಯಲ್ಲಿ ಹುಳು ಇರಬಹುದು. ಜುಟ್ಟನ್ನು ನಾವು ಹೀಗೆ ಓದುತ್ತೇವೆ. ಹೇಂಟೆಯೂ ಓದುತ್ತದೆ, ನಮಗಿಂತ ಚೆನ್ನಾಗಿ.

ಜುಟ್ಟಿನ ಗುಟ್ಟು ಗೊತ್ತಾದ ಕಥೆ ದೇಹವಿಜ್ಞಾನದ ಚರಿತ್ರೆಯಲ್ಲೇ ದೊಡ್ಡದು. ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಥೋಲ್ಡ್ ಎಂಬ ವೈದ್ಯ ಆರು ಎಳೆಯ ಹುಂಜಗಳ ಮೇಲೆ ಪ್ರಯೋಗ ನಡೆಸಿ, 1849ರಲ್ಲಿ ಅದನ್ನು ಪ್ರಕಟಿಸಿದ. ವೃಷಣಗಳನ್ನು ಪೂರ್ತಿ ತೆಗೆದ ಹುಂಜಗಳ ಜುಟ್ಟು ಬಿಳಿಚಿ ಕುಗ್ಗಿತು, ಅವು ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳತ್ತ ತಿರುಗಿಯೂ ನೋಡಲಿಲ್ಲ. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿ ಇಟ್ಟ ಹುಂಜಗಳು ಮಾತ್ರ ಎಂದಿನಂತೆ ಕೆಂಪು ಜುಟ್ಟು ಬೆಳೆಸಿ ಕೂಗಿದವು. ಹಳೆಯ ನರದ ಸಂಪರ್ಕ ಕಡಿದುಹೋಗಿದ್ದರಿಂದ, ವೃಷಣದಿಂದ ಹೊರಟ ಏನೋ ಒಂದು ರಕ್ತದ ಮೂಲಕವೇ ಮೈಗೆಲ್ಲ ಹೋಗುತ್ತಿರಬೇಕು ಎಂದು ಬರ್ಥೋಲ್ಡ್ ತರ್ಕಿಸಿದ. ಹಾರ್ಮೋನುಗಳ ವಿಜ್ಞಾನದ ಮೊದಲ ಪ್ರಯೋಗವೆಂದು ಇದನ್ನು ಇಂದಿಗೂ ನೆನೆಯುತ್ತಾರೆ. ಆ ‘ಏನೋ ಒಂದು’ ಟೆಸ್ಟೋಸ್ಟೆರಾನ್.

ಅಂದರೆ ಜುಟ್ಟು ಹುಂಜದ ಒಳಗಿನ ಸ್ಥಿತಿಯನ್ನು ತಲೆಯ ಮೇಲೆ ಬರೆದಿಟ್ಟ ಹಾಗೆ. 1990ರ ಸುಮಾರಿಗೆ ಅಮೆರಿಕದ ಮಾರ್ಲೀನ್ ಜುಕ್ ಮತ್ತು ಸಂಗಡಿಗರು ಕೆಂಪು ಕಾಡುಕೋಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮರಿಯಾಗಿದ್ದಾಗ ಜಂತುಹುಳು ಹತ್ತಿದ ಹುಂಜಗಳ ಜುಟ್ಟು ಗಿಡ್ಡವಾಗಿ, ಮಂಕಾಗಿ ಬೆಳೆಯಿತು. ಹೇಂಟೆಗಳಿಗೆ ಆಯ್ಕೆ ಕೊಟ್ಟಾಗ ಅವು ಹುಳುವಿಲ್ಲದ, ದೊಡ್ಡ ಜುಟ್ಟಿನ ಹುಂಜಗಳ ಕಡೆಗೇ ಹೆಚ್ಚಾಗಿ ಹೋದವು. ಮೈಯ ಗಾತ್ರ ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಸಂತೆಯಲ್ಲಿ ನಾವು ಹುಂಜವನ್ನು ಎತ್ತಿ ತೂಗಿ ನೋಡುತ್ತೇವೆ, ಹೇಂಟೆ ತಲೆಯನ್ನು ನೋಡುತ್ತದೆ. ಕೋಳಿಗಳು ಒಂದನ್ನೊಂದು ಗುರುತಿಸುವುದೂ ತಲೆಯಿಂದಲೇ. ಕ್ಯಾನ್ಸಸ್‌ನಲ್ಲಿ ಗುಲ್ ಮತ್ತು ಆರ್ಟ್‌ಮನ್ ಎಂಬ ವಿಜ್ಞಾನಿಗಳು 1953ರಲ್ಲಿ ತೋರಿಸಿದಂತೆ, ತಲೆ ಮತ್ತು ಕತ್ತಿನ ಭಾಗದ ಬಣ್ಣವನ್ನೋ ಆಕಾರವನ್ನೋ ಬದಲಿಸಿದರೆ ಹಳೆಯ ಗೆಳತಿಯರೇ ಅದನ್ನು ಹೊಸಬಳೆಂದು ಕುಕ್ಕಲು ಬರುತ್ತವೆ.

ಪ್ರತ್ಯೇಕ ಇಟ್ಟ ವಾರಗಳು ಮುಗಿದ ಮೇಲೆ ನೇರ ಭೇಟಿಗೆ ಮುನ್ನ ನೋಟದ ವಾರವೊಂದು ಬೇಕಾಗುವುದು ಇದಕ್ಕೇ. ನಡುವೆ ತಂತಿಬಲೆ, ಆಚೆ ಹುಂಜ, ಈಚೆ ಹೇಂಟೆಗಳು. ಹತ್ತಿರದಿಂದ ತಲೆ ಕಾಣಬೇಕು, ಕೊಕ್ಕು ತಾಗಬಾರದು. ಬಲೆಯ ಎರಡೂ ಬದಿಗೆ ಅಕ್ಕಿನುಚ್ಚು ಎರಚಿದರೆ ಎರಡೂ ಕಡೆಯವು ಪಕ್ಕಪಕ್ಕದಲ್ಲಿ ತಿನ್ನುವ ಅಭ್ಯಾಸವಾಗುತ್ತದೆ. ಮೊದಲ ದಿನ ಬಲೆಯ ಮೇಲೆ ಹಾರಿ ಬೀಳುವ ಹೇಂಟೆ ನಾಲ್ಕನೆಯ ದಿನ ಅದರ ಪಕ್ಕದಲ್ಲೇ ಮಣ್ಣಿನ ಸ್ನಾನ ಮಾಡುತ್ತ ಮಲಗಿದ್ದರೆ ಕೆಲಸ ಬಹುಪಾಲು ಆಯಿತು. ಮಣ್ಣಿನಲ್ಲಿ ಹೊರಳುವ ಕೋಳಿ ಓಡಿಹೋಗಲು ಸಿದ್ಧವಾಗಿರುವುದಿಲ್ಲ. ಹತ್ತಿರದ ಹಕ್ಕಿಯಿಂದ ಅಪಾಯವಿಲ್ಲ ಎಂದು ನಂಬಿದಾಗ ಮಾತ್ರ ಅದು ಹಾಗೆ ಮೈಮರೆಯುತ್ತದೆ.

ಬಿಡುವ ದಿನ ಬೆಳಗ್ಗೆಯೇ ಬಿಡಬೇಕು, ಬಯಲಲ್ಲಿ ಬಿಡಬೇಕು. ಸೋತ ಹಕ್ಕಿ ಹಿಂದೆ ಸರಿಯಲು ಜಾಗವಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಮೂಲೆಗೆ ಸಿಕ್ಕಿದ ಹಕ್ಕಿ ಶರಣಾದರೂ ಕುಕ್ಕು ನಿಲ್ಲುವುದಿಲ್ಲ. ಮೇವಿನ ತಟ್ಟೆ ಎರಡು ಕಡೆ ಇರಲಿ, ನೀರೂ ಎರಡು ಕಡೆ ಇರಲಿ. ಕೆದರಿದ ಕತ್ತು, ಒಂದೆರಡು ಹಾರಾಟ, ಉದುರಿದ ನಾಲ್ಕು ಗರಿ ಇವೆಲ್ಲ ಮಾತುಕತೆಯ ಭಾಗ, ನಡುವೆ ಕೈಹಾಕಿದರೆ ಇತ್ಯರ್ಥ ನಾಳೆಗೆ ಮುಂದೆ ಹೋಗುತ್ತದೆ ಅಷ್ಟೇ. ರಕ್ತ ಕಂಡರೆ ಮಾತ್ರ ಬಿಡಿಸಲೇಬೇಕು. ಕೋಳಿಗೆ ಕೆಂಪು ಬಣ್ಣ ತಟ್ಟನೆ ಕಣ್ಣಿಗೆ ಬೀಳುತ್ತದೆ, ಗಾಯವಾದ ಜಾಗವನ್ನೇ ಹಿಂಡೆಲ್ಲ ಸೇರಿ ಕುಕ್ಕಿ ಕೊಲ್ಲುವುದೂ ಉಂಟು.

ಈ ದಿನಗಳಲ್ಲಿ ಹುಂಜ ಮಾಡುವ ಒಂದು ಕೆಲಸವನ್ನು ಗಮನವಿಟ್ಟು ನೋಡಬೇಕು. ಹುಳುವೋ ಕಾಳೋ ಸಿಕ್ಕಿದಾಗ ಅದು ನುಂಗುವುದಿಲ್ಲ. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, ಕೊಕ್ಕಿನಲ್ಲಿ ಎತ್ತಿ ಬೀಳಿಸುತ್ತ ‘ಟುಕ್ ಟುಕ್ ಟುಕ್’ ಎಂದು ಬೇಗಬೇಗ ಕರೆಯುತ್ತದೆ. ಹೇಂಟೆ ಓಡಿಬಂದು ತಿನ್ನುತ್ತದೆ. ಪೀಟರ್ ಮಾರ್ಲರ್, ಕ್ರಿಸ್ ಇವಾನ್ಸ್ ಮೊದಲಾದ ವಿಜ್ಞಾನಿಗಳು ದಶಕಗಳ ಕಾಲ ಈ ಕರೆಗಳನ್ನು ಅಳೆದು, ಧ್ವನಿಮುದ್ರಿಸಿ, ಮರಳಿ ಕೇಳಿಸಿ ನೋಡಿದ್ದಾರೆ. ಹೇಂಟೆ ಹತ್ತಿರವಿದ್ದಾಗ ಹುಂಜ ಹೆಚ್ಚು ಕರೆಯುತ್ತದೆ. ಒಮ್ಮೊಮ್ಮೆ ತಿನ್ನಲಾಗದ ಕಸಕಡ್ಡಿಗೂ ಕರೆಯುತ್ತದೆ, ಅದೂ ಹೇಂಟೆ ದೂರದಲ್ಲಿರುವಾಗ ಹೆಚ್ಚು! ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ತಂಡವೊಂದು 2011ರಲ್ಲಿ ಇನ್ನೂ ಸೊಗಸಾದದ್ದನ್ನು ವರದಿ ಮಾಡಿತು. ಹಿಂಡಿನಲ್ಲಿ ಎರಡನೆಯ ಸ್ಥಾನದ ಹುಂಜ, ದೊಡ್ಡ ಹುಂಜ ಹತ್ತಿರದಲ್ಲಿದ್ದರೆ, ತಲೆ ಆಡಿಸುವುದನ್ನು ಮಾತ್ರ ಮಾಡಿ ದನಿಯನ್ನು ನುಂಗಿಕೊಳ್ಳುತ್ತದೆ. ಹೇಂಟೆಗೆ ಕಾಣಬೇಕು, ದೊಡ್ಡದಕ್ಕೆ ಕೇಳಿಸಬಾರದು. ಹೊಸ ಹುಂಜ ಬಂದ ಎರಡನೆಯ ವಾರದಲ್ಲಿ ಈ ‘ಟುಕ್ ಟುಕ್’ ಕೇಳಿಸಿ, ಹೇಂಟೆಗಳು ಹಿಂಜರಿಯದೆ ಓಡಿಬರುತ್ತಿದ್ದರೆ ಹುಂಜ ಹಿಂಡಿನೊಳಗೆ ಸೇರಿತು ಎನ್ನಬಹುದು. ಹುಂಜ ಹೇಂಟೆಯನ್ನು ಮೆಟ್ಟುವುದನ್ನು, ಅಂದರೆ ಕೂಡುವುದನ್ನು, ನೋಡಿ ಹಾಗೆನ್ನಲಾಗದು. ಮೆಟ್ಟುವುದು ಬಲವಂತದಿಂದಲೂ ಆಗುತ್ತದೆ.

ಬಲವಂತಕ್ಕೆ ಹೇಂಟೆಯ ಉತ್ತರವೇನು ಎಂಬುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಅಚ್ಚರಿಯ ಭಾಗ. ಹುಂಜಕ್ಕೆ ಶಿಶ್ನವಿಲ್ಲ. ಭ್ರೂಣದಲ್ಲಿ ಅದು ಮೊಳೆಯುತ್ತದೆ, ಆಮೇಲೆ ತಾನಾಗಿ ಕರಗುತ್ತದೆ. ಬಿಎಂಪಿ4 ಎಂಬ ವಂಶವಾಹಿ ಅಲ್ಲಿನ ಜೀವಕೋಶಗಳ ಸಾವಿಗೆ ಕಾರಣವಾಗುತ್ತದೆ ಎಂದು 2013ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ಕಂಡುಕೊಂಡರು. ಬಾತುಕೋಳಿಯಲ್ಲಿ ಹಾಗಾಗುವುದಿಲ್ಲ. ಹುಂಜ ಮತ್ತು ಹೇಂಟೆ ಗುದದ್ವಾರಗಳನ್ನು ಒಂದು ಕ್ಷಣ ತಾಗಿಸಿದರೆ ವೀರ್ಯ ದಾಟುತ್ತದೆ. ಹೇಂಟೆ ಕುಕ್ಕರಿಸಿ ಬಾಲ ಸರಿಸಿ ಸಹಕರಿಸದಿದ್ದರೆ ಇದು ಸುಲಭವಲ್ಲ. ಸಹಕರಿಸದೆಯೂ ನಡೆದುಹೋದರೆ? ಟೊಮಾಸೊ ಪಿಟ್ಸಾರಿ ಮತ್ತು ಟಿಮ್ ಬರ್ಕ್‌ಹೆಡ್ 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಕೆಳಸ್ತರದ ಹುಂಜ ಬಲವಂತವಾಗಿ ಮೆಟ್ಟಿದಾಗ, ಹೇಂಟೆಗಳು ಅದು ಇಳಿದ ಮರುಕ್ಷಣದಲ್ಲೇ ವೀರ್ಯವನ್ನು ಹೊರಗೆ ತಳ್ಳಿಬಿಡುತ್ತವೆ. ಮೇಲ್ಸ್ತರದ ಹುಂಜದ ವೀರ್ಯವನ್ನು ಹಾಗೆ ತಳ್ಳುವುದು ಕಡಿಮೆ. ಹುಂಜ ಗೆದ್ದಂತೆ ಕಂಡ ಮೇಲೂ ತೀರ್ಮಾನ ಹೇಂಟೆಯ ಕೈಯಲ್ಲೇ ಉಳಿದಿರುತ್ತದೆ.

ಉಳಿಸಿಕೊಂಡ ವೀರ್ಯಾಣುಗಳಿಗೂ ಹೇಂಟೆಯ ದೇಹದಲ್ಲಿ ಉಗ್ರಾಣವಿದೆ. ಅಂಡನಾಳದಲ್ಲಿ ಸಣ್ಣ ಸಣ್ಣ ಕೊಳವೆಗಳು, ಅವುಗಳೊಳಗೆ ವೀರ್ಯಾಣುಗಳು ಎರಡು ಮೂರು ವಾರ ಜೀವಂತವಾಗಿರುತ್ತವೆ. ಒಂದೊಂದು ಮೊಟ್ಟೆಯ ಹೊತ್ತಿಗೂ ಸ್ವಲ್ಪ ಸ್ವಲ್ಪ ಹೊರಬರುತ್ತವೆ. ಹಾಗಾಗಿ ಹಳೆಯ ಹುಂಜವನ್ನು ಮುಂಗುಸಿ ಹೊತ್ತೊಯ್ದ ಮೇಲೂ ಎರಡು ವಾರ ಬರುವ ಮೊಟ್ಟೆಗಳಲ್ಲಿ ಅದರ ಮರಿಗಳಿರಬಹುದು. ಹೊಸ ಹುಂಜದ ಮರಿಯೇ ಬೇಕೆನ್ನುವವರು ಹಳೆಯದು ಹೋದ ಮೂರು ವಾರದ ಮೇಲಿನ ಮೊಟ್ಟೆಗಳನ್ನು ಕಾವಿಗೆ ಇಡಬೇಕು. ಮೊದಲೇ ಹೇಳಿದ ರೋಗದ ಲೆಕ್ಕ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಹೊಸ ಹುಂಜವನ್ನು ಪ್ರತ್ಯೇಕ ಇಟ್ಟ ದಿನವೇ ಹಳೆಯದನ್ನು ಸಾಗಿಸಿದ್ದರೆ, ಹೊಸದು ಹಿಂಡಿಗೆ ಕಾಲಿಡುವ ಹೊತ್ತಿಗೆ ಹೇಂಟೆಗಳ ಉಗ್ರಾಣ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಕಾವಿಗಿಟ್ಟ ಏಳನೆಯ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದರೆ, ಜೇಡರ ಕಾಲಿನಂಥ ಕೆಂಪು ನಾಳಗಳು ಕಂಡದ್ದರಲ್ಲಿ ಮರಿ ಇದೆ.

ಗಾತ್ರದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿ ನಮ್ಮ ಹಿತ್ತಲುಗಳಿಗೆ ಬಹಳ ಉಪಕಾರ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತುಂಬ ಬೆಳೆದ ಗಿರಿರಾಜ ಹುಂಜವನ್ನು ಒಂದೂಕಾಲು ಕಿಲೋ ತೂಗುವ ನಾಟಿ ಹೇಂಟೆಗಳ ನಡುವೆ ಬಿಡುವುದು ಸರಿಯಲ್ಲ. ಮೆಟ್ಟುವಾಗ ಹುಂಜ ಹೇಂಟೆಯ ಬೆನ್ನೇರಿ ಉಗುರೂರಿ ನಿಲ್ಲುತ್ತದೆ, ಕೊಕ್ಕಿನಲ್ಲಿ ಕತ್ತಿನ ಗರಿ ಹಿಡಿಯುತ್ತದೆ. ತೂಕ ಎರಡು ಮೂರು ಪಟ್ಟಾದರೆ ಹೇಂಟೆಯ ಬೆನ್ನಿನ ಚರ್ಮ ಹರಿಯುತ್ತದೆ, ಕಾಲು ಉಳುಕುತ್ತದೆ. ಜೊತೆಗೆ, ಕಾವು ಕೂರುವ ನಾಟಿ ಹೇಂಟೆಯ ಗುಣ ಮುಂದಿನ ಪೀಳಿಗೆಗಳಲ್ಲಿ ಕ್ಷೀಣಿಸುತ್ತದೆ. ಇನ್‌ಕ್ಯುಬೇಟರ್ ಇಲ್ಲದ ಮನೆಗೆ ಅದು ಸಣ್ಣ ನಷ್ಟವಲ್ಲ. ಸಂಖ್ಯೆಯೂ ಮುಖ್ಯ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿರಬೇಕು. ಮೂರೇ ಹೇಂಟೆಗಳಿದ್ದರೆ ಒಂದೊಂದರ ಬೆನ್ನೂ ಬೋಳಾಗುತ್ತದೆ. ಅದರಲ್ಲೂ ಕೆಳಸ್ತರದ ಹೇಂಟೆಗಳಿಗೇ ಹೆಚ್ಚು ಕಷ್ಟ. ಮೇಲ್ಸ್ತರದವು ಬೇಗ ಬಗ್ಗುವುದಿಲ್ಲ ಎಂಬುದನ್ನು ಗುಲ್, ಕಾಲಿಯಸ್, ಆಲೀ 1945ರಲ್ಲೇ ಎಣಿಸಿ ತೋರಿಸಿದ್ದರು.

ಹಳೆಯ ಹುಂಜ ಇನ್ನೂ ಇರುವಾಗ ಹೊಸದನ್ನು ತರುವುದು ಬೇರೆಯೇ ವಿಷಯ, ಚಿಕ್ಕ ಹಿತ್ತಲಿನಲ್ಲಿ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಎರಡು ಹುಂಜಗಳ ನಡುವಿನ ಇತ್ಯರ್ಥ ಹೇಂಟೆಗಳದ್ದರಂತೆ ಕುಕ್ಕಿನಲ್ಲಿ ಮುಗಿಯದೆ ಕಾಲಮುಳ್ಳಿಗೆ ಹೋಗುತ್ತದೆ, ಕಣ್ಣು ಹೋಗಬಹುದು. ಜಾಗ ವಿಶಾಲವಾಗಿದ್ದು ಎರಡೂ ಬದುಕಿ ಉಳಿದರೆ, ಗೆದ್ದದ್ದು ಯಾವುದೆಂದು ಬೆಳಗಿನ ಜಾವದಲ್ಲಿ ಹಾಸಿಗೆಯಿಂದಲೇ ತಿಳಿಯಬಹುದು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಬೆಳಕಿಗೂ ಕೂಗಿಗೂ ಇರುವ ನಂಟನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಶಿಮ್ಮುರಾ ಮತ್ತು ಯೊಶಿಮುರಾ 2013ರಲ್ಲಿ ಬಿಡಿಸಿದರು. ಹಗಲು ರಾತ್ರಿ ಒಂದೇ ಸಮನೆ ಮಂದ ಬೆಳಕಿಟ್ಟರೂ ಹುಂಜಗಳು ಸುಮಾರು ಒಂದು ದಿನದ ಅಂತರದಲ್ಲಿ ಕೂಗುತ್ತಲೇ ಹೋದವು. ಗಡಿಯಾರ ಅವುಗಳ ಒಳಗೇ ಇದೆ. ಎರಡು ವರ್ಷದ ನಂತರ ಅದೇ ವಿಜ್ಞಾನಿಗಳು ಇನ್ನೊಂದನ್ನು ಕಂಡರು: ಗುಂಪಿನಲ್ಲಿ ಮೊದಲು ಕೂಗುವುದು ಶ್ರೇಣಿಯ ಮೇಲಿನ ಹುಂಜ, ಉಳಿದವು ಅದಕ್ಕಾಗಿ ಕಾಯುತ್ತವೆ, ಸರದಿಯಂತೆ ಕೂಗುತ್ತವೆ. ಮೊದಲನೆಯದನ್ನು ತೆಗೆದರೆ ಎರಡನೆಯದು ಶುರುಮಾಡುತ್ತದೆ.

ಕೂಗು, ಕರೆಗಳಷ್ಟೇ ಬೆಲೆಯುಳ್ಳ ಇನ್ನೊಂದು ದನಿ ಎಚ್ಚರಿಕೆಯದು. ಆಕಾಶದಲ್ಲಿ ಗಿಡುಗ ಕಂಡರೆ ಹುಂಜ ಎಳೆದ, ಸಣ್ಣ ಚೀರು ಹೊರಡಿಸುತ್ತದೆ. ನೆಲದಲ್ಲಿ ನಾಯಿಯೋ ಕಾಡುಬೆಕ್ಕೋ ಕಂಡರೆ ‘ಕೊಕ್ ಕೊಕ್ ಕೊಕ್ಕೋ’ ಎಂದು ಬಿಡದೆ ಒದರುತ್ತದೆ. ಯಾವ ಶತ್ರುವೂ ಇಲ್ಲದ ಕೋಣೆಯಲ್ಲಿ ಈ ಎರಡು ದನಿಗಳನ್ನು ಮಾತ್ರ ಕೇಳಿಸಿದಾಗಲೂ ಹೇಂಟೆಗಳು ಸರಿಯಾಗಿ ಅರ್ಥಮಾಡಿಕೊಂಡವು. ಮೊದಲನೆಯದಕ್ಕೆ ಮರೆಗೆ ಓಡಿ ಮುದುರಿ ಮೇಲೆ ನೋಡಿದವು, ಎರಡನೆಯದಕ್ಕೆ ಕತ್ತೆತ್ತಿ ನಿಂತು ಸುತ್ತ ನೋಡಿದವು. ಹುಂಜ ಒಂಟಿಯಾಗಿದ್ದಾಗ ಗಿಡುಗನ ಎಚ್ಚರಿಕೆ ಕೊಡುವುದು ಕಡಿಮೆ, ಪಕ್ಕದಲ್ಲಿ ಹೇಂಟೆ ಇದ್ದರೆ ಹೆಚ್ಚು. ಹೊಸ ಹಿತ್ತಲಿಗೆ ಬಂದ ಹುಂಜ ಮೊದಲ ದಿನಗಳಲ್ಲಿ ತನ್ನ ಜೀವದ ಚಿಂತೆಯಲ್ಲೇ ಇರುತ್ತದೆ. ಮರೆ ಎಲ್ಲಿದೆ, ಬೇಲಿಯ ಕಂಡಿ ಎಲ್ಲಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಮೊದಲ ತಿಂಗಳು ಗಿಡುಗನ ಕಾವಲಿಗೆ ಹುಂಜವನ್ನೇ ನಂಬದೆ ಹಿತ್ತಲಿನ ಮೇಲೆ ಒಂದು ಹಳೇ ಬಲೆ ಕಟ್ಟುವುದು ಒಳ್ಳೆಯದು.

ಇಷ್ಟೆಲ್ಲ ಪಾಡು ಪಟ್ಟು ಹೊಸ ಹುಂಜವನ್ನು ಯಾಕೆ ತರಬೇಕು, ಮನೆಯಲ್ಲೇ ಹುಟ್ಟಿ ಬೆಳೆದದ್ದನ್ನು ಇಟ್ಟುಕೊಂಡರಾಗದೇ ಎಂದು ಕೇಳುವವರಿದ್ದಾರೆ. ಮನೆಯದಾದರೆ ತಾಯಿ, ಅಕ್ಕತಂಗಿಯರನ್ನೇ ಮೆಟ್ಟುತ್ತದೆ. ಎರಡು ಮೂರು ಪೀಳಿಗೆ ಹೀಗೆ ನಡೆದರೆ ಮರಿಯಾಗದ ಮೊಟ್ಟೆ ಹೆಚ್ಚುತ್ತವೆ, ಆದ ಮರಿಗಳಲ್ಲೂ ಬಲ ಕುಗ್ಗುತ್ತದೆ. ಹೇಂಟೆಗಳು ಇದಕ್ಕೂ ತಮ್ಮ ಮಟ್ಟದಲ್ಲಿ ಅಡ್ಡಿ ಹಾಕುತ್ತವೆ. ಪಿಟ್ಸಾರಿ ತಂಡ 2004ರಲ್ಲಿ ತೋರಿಸಿದಂತೆ, ಕೆಂಪು ಕಾಡುಕೋಳಿಯ ಹೇಂಟೆ ತನ್ನ ಒಡಹುಟ್ಟಿದ ಹುಂಜದೊಡನೆ ಕೂಡಿದಾಗ, ಬೇರೆ ಹುಂಜದೊಡನೆ ಕೂಡಿದಾಗಿನದಕ್ಕಿಂತ ಕಡಿಮೆ ವೀರ್ಯಾಣುಗಳು ಮೊಟ್ಟೆಯವರೆಗೆ ತಲುಪುತ್ತವೆ. ಆದರೆ ಹಿತ್ತಲಿನಲ್ಲಿ ಇರುವುದು ಅದೊಂದೇ ಹುಂಜವಾದರೆ ಹೇಂಟೆಯ ಆಯ್ಕೆಗೆ ದಾರಿಯೆಲ್ಲಿದೆ? ಅದನ್ನು ತೆರೆದುಕೊಡುವುದು ಸಾಕಿದವರ ಕೆಲಸ. ಹೊಸ ಹುಂಜದ ಮೊದಲ ಕಾವಿನ ಮರಿಗಳಲ್ಲಿ ಗಂಡು ಯಾವುದೆಂದು ಎರಡು ತಿಂಗಳಿಗೆಲ್ಲ ಜುಟ್ಟಿನಿಂದ ತಿಳಿಯುತ್ತದೆ. ಅವುಗಳಲ್ಲಿ ಕೆಂಪಗೆ, ಚುರುಕಾಗಿ ಬೆಳೆದ ಒಂದೆರಡನ್ನು ವರ್ಷ ತುಂಬುವವರೆಗೆ ಬೇರೆ ಸಾಕಿ, ನಂಟರ ಊರಿನಲ್ಲಿ ಅದೇ ವಯಸ್ಸಿನ ಹುಂಜವಿದ್ದರೆ ಅದಕ್ಕೆ ಬದಲಾಗಿ ಕೊಟ್ಟು ತರಬಹುದು. ಅಲ್ಲಿಂದ ಬಂದದ್ದನ್ನೂ ಮತ್ತೆ ನಾಲ್ಕು ವಾರ ಬೇರೆ ಇಡಬೇಕು, ಒಂದು ವಾರ ಬಲೆಯಾಚೆ ಇಡಬೇಕು, ಆಮೇಲೊಂದು ಬೆಳಗ್ಗೆ ಹೇಂಟೆಗಳ ಮುಂದೆ ಬಿಡಬೇಕು.